ಪ್ರತಿ ಸಲ ಟೀಚರಮ್ಮನಿಗೇ ತರಬೇತಿ ಯಾಕೆ? ಇಲಾಖೆ ಕಲಿಯೋದು ಯಾವಾಗ?

ತಾಲ್ಲೂಕು ಕೇಂದ್ರದ ಒಂದು ಸಭಾಭವನ. ನೂರಕ್ಕೂ ಹೆಚ್ಚು ಅಂಗನವಾಡಿ ಕಾರ್ಯಕರ್ತೆಯರು ಬೆಳಿಗ್ಗೆ ಹತ್ತಕ್ಕೇ ಬಂದು ಕೂತಿದ್ದರು. ಕೆಲವರು ಎರಡು ಬಸ್ ಬದಲಾಯಿಸಿ ಬಂದವರು. ವೇದಿಕೆ ಮೇಲೆ ಪ್ರೊಜೆಕ್ಟರ್, ಗೋಡೆ ಮೇಲೆ ಇಂಗ್ಲಿಷ್ ಸ್ಲೈಡು. ಹಿಂದಿನ ಸಾಲಿನವರಿಗೆ ಅಕ್ಷರ ಕಾಣಿಸುತ್ತಿರಲಿಲ್ಲ, ಮುಂದಿನ ಸಾಲಿನವರಿಗೆ ಕಂಡರೂ ಅರ್ಥವಾಗುತ್ತಿರಲಿಲ್ಲ. ಮಧ್ಯಾಹ್ನದೊಳಗೆ ಮೂರು ಸಲ ಸಹಿ, ಎರಡು ಸಲ ಗ್ರೂಪ್ ಫೋಟೋ. ತರಬೇತಿಯ ವಿಷಯ, ಮೊಬೈಲ್ ಆ್ಯಪಿನಲ್ಲಿ ಹೊಸದಾಗಿ ಬಂದಿರುವ ಕಾಲಂಗಳನ್ನು ತುಂಬುವುದು ಹೇಗೆ ಅನ್ನುವುದು.

ಊಟಕ್ಕೆ ಬಿಡುವ ಮುಂಚೆ ಒಬ್ಬರು ಎದ್ದು ನಿಂತು ಕೇಳಿದರು. "ಸರ್, ಎರಡು ವರ್ಷದೊಳಗಿನ ಮಗೂನ ಮಲಗಿಸಿ ಅಳೀಬೇಕು ಅಂತೀರಿ. ನಮ್ಮ ಕೇಂದ್ರದಲ್ಲಿ ಮಲಗಿಸಿ ಅಳೆಯೋ ಹಲಗೆ ಮುರಿದು ಒಂದು ವರ್ಷ ಆಯ್ತು. ನಿಲ್ಲಿಸಿ ಅಳೆದು ಹಾಕಬಹುದಾ?"

ಬಂದ ಉತ್ತರ, "ಅದು ಇವತ್ತಿನ ವಿಷಯ ಅಲ್ಲಮ್ಮ. ನೀವು ಎಂಟ್ರಿ ಮಾಡಿ, ಖಾಲಿ ಬಿಡಬೇಡಿ."

ಹಾಗೆ ಕೇಳಿದವರು ನಮ್ಮ ತಂಡದ ಗೆಳೆಯನೊಬ್ಬನ ತಾಯಿ. ಇಪ್ಪತ್ತು ವರ್ಷದ ಮೇಲಾಯಿತು ಅವರು ಈ ಕೆಲಸಕ್ಕೆ ಸೇರಿ. ಊರಲ್ಲಿ ಎಲ್ಲರಿಗೂ ಅವರು ಟೀಚರಮ್ಮ. ನಾವು ಅವತ್ತು ಹೋಗಿದ್ದು ತರಬೇತಿಯ ಸುದ್ದಿ ಮಾಡೋದಕ್ಕೆ. ಪತ್ರಿಕೆಗೆ ಹೋಗುವ ಸುದ್ದಿ ಹೇಗಿರುತ್ತದೆ ಅಂತ ನಿಮಗೂ ಗೊತ್ತು. 'ಕಾರ್ಯಕರ್ತೆಯರು ತರಬೇತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಅಧಿಕಾರಿಗಳು ಕರೆ ನೀಡಿದರು.' ಅದನ್ನು ಬರೆಯೋದಕ್ಕೆ ನಮ್ಮ ಕೈ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಹಲಗೆಯ ಪ್ರಶ್ನೆ ಸಣ್ಣದಲ್ಲ

ಮಗುವನ್ನು ಮಲಗಿಸಿ ಅಳೆದರೆ ಬರುವ ಉದ್ದಕ್ಕೂ, ನಿಲ್ಲಿಸಿ ಅಳೆದರೆ ಬರುವ ಎತ್ತರಕ್ಕೂ ಸುಮಾರು 0.7 ಸೆಂಟಿಮೀಟರ್ ವ್ಯತ್ಯಾಸ ಇರುತ್ತದೆ. ನಿಲ್ಲಿಸಿದಾಗ ಕಡಿಮೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೇ ಇದು. ಅಷ್ಟಕ್ಕೆ ಏನಾಗುತ್ತದೆ ಅಂತೀರಾ?

ಮಗು ತೆಳ್ಳಗಾಗಿದೆಯೋ ಇಲ್ಲವೋ ಅಂತ ನೋಡೋದು ಅದರ ಉದ್ದಕ್ಕೆ ತಕ್ಕ ತೂಕ ಇದೆಯೋ ಇಲ್ಲವೋ ಅನ್ನುವುದರ ಮೇಲೆ. ಉದ್ದ ಕಡಿಮೆ ಅಂತ ಬರೆದರೆ, ಆ ಉದ್ದಕ್ಕೆ ಬೇಕಾದ ತೂಕವೂ ಕಡಿಮೆ ಅಂತ ಲೆಕ್ಕ ಆಗುತ್ತದೆ. ನಿಲ್ಲಿಸಿ ಅಳೆದದ್ದನ್ನು ಮಲಗಿಸಿ ಅಳೆದದ್ದು ಅಂತ ತುಂಬಿದರೆ, ಗಡಿಯಲ್ಲಿ ಇರುವ ಮಗು ತೀವ್ರ ಅಪೌಷ್ಟಿಕತೆಯ ಪಟ್ಟಿಯಿಂದ ಜಾರಿಹೋಗಬಹುದು. ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಬೇಕಾದ ಮಗು ಮನೆಯಲ್ಲೇ ಉಳಿಯುತ್ತದೆ. ಆ್ಯಪಿನಲ್ಲಿ ಎಲ್ಲ ಸರಿಯಾಗಿದೆ ಅಂತ ತೋರಿಸುತ್ತದೆ. ಮೇಲಿನ ಕಚೇರಿಯಲ್ಲಿ ಅಪೌಷ್ಟಿಕತೆ ಕಡಿಮೆಯಾಗಿದೆ ಅಂತ ವರದಿ ತಯಾರಾಗುತ್ತದೆ.

ನಮ್ಮ ರಾಜ್ಯದ ಮಕ್ಕಳ ಸ್ಥಿತಿ ಅಷ್ಟು ನಿಶ್ಚಿಂತೆಯಿಂದ ಇರುವಂತೇನೂ ಇಲ್ಲ. 2019-20ರಲ್ಲಿ ಮನೆಮನೆಗೆ ಹೋಗಿ ಮಾಡಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಶೇ. 19.5ರಷ್ಟು ಮಕ್ಕಳು ಎತ್ತರಕ್ಕೆ ತಕ್ಕ ತೂಕ ಇರಲಿಲ್ಲ. ಮೂರರಲ್ಲಿ ಒಂದು ಮಗು ಕುಳ್ಳಾಗಿದೆ, ಐದರಲ್ಲಿ ಒಂದು ಮಗು ಸೊರಗಿದೆ. ನಿಮ್ಮ ಬೀದಿಯ ಮಕ್ಕಳನ್ನು ಎಣಿಸಿ ನೋಡಿ.

ಅಂದರೆ ಆ ದಿನ ಟೀಚರಮ್ಮ ಕೇಳಿದ್ದೇ ಅಸಲಿ ತರಬೇತಿಯ ಪ್ರಶ್ನೆ. ಅದಕ್ಕೆ ಜಾಗ ಇರಲಿಲ್ಲ.

ಒಂದು ತಿಂಗಳಿಂದ ಮೂರು ದಿನಕ್ಕೆ

ಅಂಗನವಾಡಿ ಯೋಜನೆಗೆ ಈಗ ಐವತ್ತು ವರ್ಷ ದಾಟಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆರು ಸೇವೆ ಅಂತ ಶುರುವಾಯಿತು. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ. ಇಷ್ಟೇ ಮಾಡಿದರೂ ಒಬ್ಬ ಹೆಂಗಸಿಗೆ ಕೈತುಂಬ ಕೆಲಸ.

ನಮ್ಮ ಗೆಳೆಯನ ತಾಯಿ ಕೆಲಸಕ್ಕೆ ಸೇರಿದಾಗ ತರಬೇತಿ ಕೇಂದ್ರದಲ್ಲೇ ಉಳಿದುಕೊಂಡು ಸುಮಾರು ಒಂದು ತಿಂಗಳು ಕಲಿತರಂತೆ. ಇಲಾಖೆಯ ಹಳೆಯ ಲೆಕ್ಕದಲ್ಲಿ ಅದು 26 ಕೆಲಸದ ದಿನ. "ಅಲ್ಲಿ ನಾವೇ ಗೊಂಬೆ ಮಾಡಿದ್ವಿ, ಹಾಡು ಕಟ್ಟಿದ್ವಿ, ಪಕ್ಕದ ಊರಿನ ಅಂಗನವಾಡಿಗೆ ಹೋಗಿ ಮಕ್ಕಳನ್ನ ಕೂರಿಸಿಕೊಂಡು ಪಾಠ ಮಾಡಿದ್ವಿ. ತಪ್ಪಾದ್ರೆ ಸಂಜೆ ಕೂತು ಹೇಳಿಕೊಡೋರು" ಅಂತ ಅವರು ಈಗಲೂ ನೆನೆಯುತ್ತಾರೆ. ಆ ತರಬೇತಿಯಲ್ಲೂ ಕೊರತೆ ಇತ್ತು. ಆದರೆ ಮಗುವನ್ನು ಮುಟ್ಟಿ ಕಲಿಯೋದಕ್ಕೆ ಸಮಯ ಇತ್ತು.

ಈಗ ನೋಡಿ. ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ 'ಪೋಷಣ್ ಭಿ ಪಢಾಯಿ ಭಿ' ಅಂತ ಕಾರ್ಯಕ್ರಮ ತಂದಿತು. ಪೋಷಣೆಯೂ ಆಗಬೇಕು, ಓದೂ ಆಗಬೇಕು ಅಂತ ಅದರ ಅರ್ಥ. ಒಳ್ಳೆಯ ಮಾತು. ಮರುವರ್ಷ ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗೆ 'ನವಚೇತನ', ಮೂರರಿಂದ ಆರು ವರ್ಷದವರಿಗೆ 'ಆಧಾರಶಿಲಾ' ಎಂಬ ಪಠ್ಯಕ್ರಮವೂ ಬಂತು. ಅದರ ತರಬೇತಿಯ ವ್ಯವಸ್ಥೆ ಹೇಗಿದೆ ಗೊತ್ತೇ? ಮೇಲ್ವಿಚಾರಕಿಯರು ಮತ್ತು ಅಧಿಕಾರಿಗಳಿಗೆ ಎರಡು ದಿನ ತರಬೇತಿ. ಅವರು ಹೋಗಿ ಕಾರ್ಯಕರ್ತೆಯರಿಗೆ ಮೂರು ದಿನ ಕಲಿಸಬೇಕು.

ಇನ್ನೊಂದು ಸಲ ಓದಿ. ಕಲಿಸುವವರಿಗೆ ಎರಡು ದಿನ, ಕಲಿಯುವವರಿಗೆ ಮೂರು ದಿನ. ಎರಡು ದಿನ ಕಲಿತವರು ಮೂರನೇ ದಿನ ಏನು ಹೇಳಿಕೊಡುತ್ತಾರೆ ಅಂತ ನಮಗೆ ಯಾರೂ ಹೇಳಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬರೆದದ್ದು ಬೇರೆಯೇ ಇತ್ತು. ಪಿಯುಸಿ ಓದಿದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ಜೊತೆಗೆ ತಿಂಗಳಿಗೆ ಒಮ್ಮೆಯಾದರೂ ಎದುರಾಬದುರು ತರಗತಿ. ನಮ್ಮ ರಾಜ್ಯ ಸರ್ಕಾರ ಆ ನೀತಿ ಬೇಡ ಅಂದಿತು, ತನ್ನದೇ ನೀತಿಗೆ ಆಯೋಗ ಮಾಡಿತು. ಅದು ಅವರ ಹಕ್ಕು. ಆದರೆ ದೆಹಲಿಯ ನೀತಿ ಬೇಡ ಅಂದವರು, ಆರು ತಿಂಗಳ ಕಲಿಕೆಯ ಜಾಗದಲ್ಲಿ ದೆಹಲಿಯ ಮೂರು ದಿನದ ತರಬೇತಿಯನ್ನು ಮಾತ್ರ ಯಾಕೆ ಒಪ್ಪಿಕೊಂಡರು?

ಹೊಸದು ಬಂತು, ಹಳೆಯದು ಹೋಗಲಿಲ್ಲ

ನಮ್ಮ ಮುಖ್ಯ ತಕರಾರು ದಿನಗಳ ಲೆಕ್ಕದ್ದಲ್ಲ. ಮೂರು ದಿನವನ್ನು ಮೂವತ್ತು ದಿನ ಮಾಡಿದರೂ, ಟೀಚರಮ್ಮ ವಾಪಸ್ ಹೋಗುವ ಅಂಗನವಾಡಿ ಹಾಗೇ ಇದ್ದರೆ ಏನೂ ಬದಲಾಗುವುದಿಲ್ಲ.

ಒಂದು ದಿನ ನಾವು ಬೆಳಿಗ್ಗೆಯಿಂದ ಸಂಜೆವರೆಗೆ ಅವರ ಕೇಂದ್ರದಲ್ಲಿ ಕೂತು ಅವರು ಮಾಡುವುದನ್ನೆಲ್ಲ ಬರೆದುಕೊಂಡೆವು. ಒಂಬತ್ತೂವರೆಗೆ ಬಾಗಿಲು ತೆಗೆದರು. ಹಾಲಿನ ಪುಡಿ ಕಲಸಿ ಮಕ್ಕಳಿಗೆ ಕೊಡುವಷ್ಟರಲ್ಲಿ ಹತ್ತು ಗಂಟೆ ದಾಟಿತು. ಸಹಾಯಕಿ ಅಡುಗೆಗೆ ಕೂತರು. ಟೀಚರಮ್ಮ ಹಾಜರಿ ಫೋಟೋ ಹಾಕಲು ನೆಟ್‌ವರ್ಕ್ ಹುಡುಕಿಕೊಂಡು ರಸ್ತೆವರೆಗೆ ಹೋಗಿ ಬಂದರು. ಹಾಡು ಶುರುಮಾಡಿದರು. ಅಷ್ಟರಲ್ಲಿ ಒಬ್ಬ ಅಜ್ಜಿ ಗೃಹಲಕ್ಷ್ಮಿ ದುಡ್ಡು ಈ ತಿಂಗಳು ಯಾಕೆ ಬಂದಿಲ್ಲ ಅಂತ ಕೇಳಲು ಬಂದರು. ಆಮೇಲೆ ಫೋನ್, ಮತದಾರರ ಪಟ್ಟಿಯ ಕೆಲಸದ್ದು. ಟೀಚರಮ್ಮ ಬೂತ್ ಮಟ್ಟದ ಅಧಿಕಾರಿಯೂ ಹೌದು. ಹನ್ನೆರಡೂವರೆಗೆ ಗರ್ಭಿಣಿಯರು, ಬಾಣಂತಿಯರು ಊಟಕ್ಕೆ ಬಂದರು. ಒಬ್ಬ ಬಾಣಂತಿಯ ಮುಖವನ್ನು ಮೊಬೈಲ್ ಗುರುತು ಹಿಡಿಯಲಿಲ್ಲ. ಕಿಟಕಿ ಹತ್ತಿರ ನಿಲ್ಲಿಸಿ, ಬಾಗಿಲ ಹತ್ತಿರ ನಿಲ್ಲಿಸಿ, ಕಣ್ಣು ಮಿಟುಕಿಸಲು ಹೇಳಿ, ಕೊನೆಗೂ ಆಯಿತು. ಮಕ್ಕಳು ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದರು.

ಆ ದಿನ ಮಕ್ಕಳಿಗೆ ಅಂತಲೇ ಕೊಟ್ಟ ಸಮಯ ನಮ್ಮ ಲೆಕ್ಕದಲ್ಲಿ ಒಂದು ಗಂಟೆಯೂ ಆಗಲಿಲ್ಲ. ಟೀಚರಮ್ಮ ಒಂದು ನಿಮಿಷವೂ ಸೋಮಾರಿಯಾಗಿ ಕೂತಿರಲಿಲ್ಲ.

ಈ ಹೊರೆ ಒಂದೇ ದಿನ ಬಂದದ್ದಲ್ಲ. 2000ದ ಹೊತ್ತಿಗೆ ಸ್ತ್ರೀಶಕ್ತಿ ಸಂಘ ಕಟ್ಟಿ ಅಂದರು, ಕಟ್ಟಿದರು. 2006ರಲ್ಲಿ ಭಾಗ್ಯಲಕ್ಷ್ಮಿ ಅರ್ಜಿ ಬಂತು. 2017ರ ಅಕ್ಟೋಬರ್‌ನಲ್ಲಿ ಮಾತೃಪೂರ್ಣ ಬಂತು, ಗರ್ಭಿಣಿ ಬಾಣಂತಿಯರಿಗೆ ಕೇಂದ್ರದಲ್ಲೇ ಬಿಸಿಯೂಟ. 2018ರಲ್ಲಿ ಪೋಷಣ್ ಅಭಿಯಾನ ಬಂತು, ಅದರ ಜೊತೆ ಮೊಬೈಲ್ ಬಂತು. 2021ರಲ್ಲಿ ಹಳೆಯ ಆ್ಯಪ್ ಹೋಗಿ ಪೋಷಣ್ ಟ್ರ್ಯಾಕರ್ ಬಂತು. 2025ರ ಜುಲೈ 1ರಿಂದ ಮನೆಗೆ ಕೊಡುವ ಆಹಾರಕ್ಕೆ ಮುಖ ಗುರುತಿಸುವುದು ಕಡ್ಡಾಯ ಆಯಿತು. ಪ್ರತಿಯೊಂದರ ಜೊತೆಗೂ ಒಂದು ತರಬೇತಿ, ಒಂದು ಫೋಟೋ, ಒಂದು ಪ್ರಮಾಣಪತ್ರ.

ಇದರಲ್ಲಿ ಕೆಲವು ಒಳ್ಳೆಯ ಯೋಜನೆಗಳೇ. ಮಾತೃಪೂರ್ಣದ ಊಟ ತಿಂದ ನಮ್ಮ ಅಕ್ಕ ತಂಗಿಯರಿದ್ದಾರೆ. ನಾವು ಕೇಳುವುದು ಇಷ್ಟೇ. ಹೊಸ ಕೆಲಸ ಕೊಟ್ಟ ದಿನ, ಯಾವ ಹಳೆಯ ಕೆಲಸ ತೆಗೆದಿರಿ? ಆ್ಯಪ್ ಬಂದ ದಿನ ರಿಜಿಸ್ಟರ್ ಕಟ್ಟನ್ನು ಮುಚ್ಚಿದಿರಾ? ನಾವು ನೋಡಿದ ಕೇಂದ್ರದಲ್ಲಿ ಅದೇ ತೂಕವನ್ನು ಮೊಬೈಲಿನಲ್ಲೂ ತುಂಬುತ್ತಾರೆ, ಪುಸ್ತಕದಲ್ಲೂ ಬರೆಯುತ್ತಾರೆ. ಸರ್ಕಲ್ ಮೀಟಿಂಗಿಗೆ ಹೋಗುವಾಗ ಇನ್ನೊಂದು ಹಾಳೆಯಲ್ಲೂ ಬರೆದು ಕೊಡುತ್ತಾರೆ.

2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ಶುರುಮಾಡುತ್ತೇವೆ ಅಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗೆ ಬಂದರು. ಮಕ್ಕಳು ಅಲ್ಲಿಗೆ ಹೋದರೆ ನಮ್ಮ ಕೇಂದ್ರ ಏನಾಗಬೇಕು ಅಂತ ಅವರು ಕೇಳಿದ್ದು ನ್ಯಾಯವೇ ಆಗಿತ್ತು. ಆಮೇಲೆ ಅಂಗನವಾಡಿಗಳಲ್ಲೇ 'ಸರ್ಕಾರಿ ಮಾಂಟೆಸ್ಸರಿ' ಅಂತ ಬಂತು. ಹೆಸರು ಚೆನ್ನಾಗಿದೆ. ಆದರೆ ಬೋರ್ಡು ಬದಲಾದ ಮಾತ್ರಕ್ಕೆ ಒಳಗಿನ ಕೆಲಸ ಬದಲಾಗುವುದಿಲ್ಲ. ಮಾಂಟೆಸ್ಸರಿ ಅಂದರೆ ಮಗು ಏನು ಮಾಡುತ್ತಿದೆ ಅಂತ ಪಕ್ಕದಲ್ಲಿ ಕೂತು ನೋಡುವ ಪದ್ಧತಿ. ಮುಖ ಗುರುತಿಸುವ ಮೊಬೈಲ್ ಹಿಡಿದು ಕಿಟಕಿ ಹತ್ತಿರ ನಿಂತವರು ಅದನ್ನು ಹೇಗೆ ಮಾಡುತ್ತಾರೆ?

ಬದಲಾವಣೆ ಅಂದರೆ ಹೇಗಿರುತ್ತದೆ

ಇದೆಲ್ಲ ಆಗದ ಮಾತು ಅಂತ ಕೆಲವರು ಹೇಳುತ್ತಾರೆ. ಆಗಿರುವ ಎರಡು ಉದಾಹರಣೆ ಕೊಡುತ್ತೇವೆ.

ಮೊದಲನೆಯದು ನಮ್ಮದೇ ರಾಜ್ಯದ್ದು. 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ಪಾಡಿಗೆ ತಾವು ಕಲಿಯುವುದನ್ನು ನೋಡಿದರು. ವಾಪಸ್ ಬಂದು ಕನ್ನಡದಲ್ಲಿ ತಾವೇ ಕಾರ್ಡು ಬರೆದರು, ತಮ್ಮ ತರಗತಿಯಲ್ಲೇ ಪ್ರಯೋಗ ಮಾಡಿ ತಿದ್ದಿದರು. ಅದೇ ನಲಿ-ಕಲಿ. ಅಲ್ಲಿ ತರಬೇತಿ ಅಂದರೆ ಕೂತು ಕೇಳುವುದಾಗಿರಲಿಲ್ಲ. ಕೆಲಸ ಮಾಡುವವರೇ ಕೆಲಸದ ರೀತಿಯನ್ನು ಬದಲಾಯಿಸಿದರು, ಮೇಲಿನವರು ಅದಕ್ಕೆ ಜಾಗ ಬಿಟ್ಟರು. 2009ರಲ್ಲಿ ಅದನ್ನು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿದರು. ಆಗ ಎಷ್ಟೋ ಶಿಕ್ಷಕರಿಗೆ ನಲಿ-ಕಲಿ ಅನ್ನುವುದು ಮೇಲಿನಿಂದ ಬಂದ ಇನ್ನೊಂದು ಆದೇಶವಾಯಿತು. ಕಾರ್ಡು ತಲುಪಿತು, ಅದನ್ನು ಕಟ್ಟಿದ ಅನುಭವ ತಲುಪಲಿಲ್ಲ. ಪಕ್ಕದ ಮನೆಯವರು ಕಟ್ಟಿದ ಕೊಟ್ಟಿಗೆಯ ಅಳತೆ ಮಾತ್ರ ತಂದು ನಮ್ಮ ಹಟ್ಟಿಯಲ್ಲಿ ಹಾಕಿದ ಹಾಗೆ.

ಎರಡನೆಯದು ನೆರೆಯ ತಮಿಳುನಾಡಿನದು. ಅಲ್ಲಿ 320 ಅಂಗನವಾಡಿಗಳಲ್ಲಿ ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದರು. ಅರ್ಧದಷ್ಟು ಕೇಂದ್ರಗಳಿಗೆ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟರು. ಅವರದು ಅರ್ಧ ದಿನದ ಕೆಲಸ, ಮಕ್ಕಳಿಗೆ ಕಲಿಸುವುದು ಮಾತ್ರ. ಉಳಿದ ಕೇಂದ್ರಗಳು ಇದ್ದ ಹಾಗೇ ನಡೆದವು. ಹೆಚ್ಚುವರಿ ಕಾರ್ಯಕರ್ತೆ ಇದ್ದ ಕಡೆ ಮಕ್ಕಳಿಗೆ ಕಲಿಸುವ ಸಮಯ ಎರಡರಷ್ಟಾಯಿತು, ಭಾಷೆ ಮತ್ತು ಗಣಿತದ ಕಲಿಕೆ ಹೆಚ್ಚಿತು. ಅಲ್ಲೇ ಉಳಿದ ಮಕ್ಕಳಲ್ಲಿ ಕುಳ್ಳಾಗುವುದೂ, ತೀವ್ರ ಅಪೌಷ್ಟಿಕತೆಯೂ ಕಡಿಮೆಯಾಯಿತು. ಯಾಕೆ? ಹಳೆಯ ಕಾರ್ಯಕರ್ತೆಗೆ ಆಹಾರ ಮತ್ತು ಆರೋಗ್ಯದ ಕೆಲಸಕ್ಕೆ ಕೈ ಬಿಡುವಾಯಿತು.

ಇದರಲ್ಲಿ ದೊಡ್ಡ ತಂತ್ರಜ್ಞಾನ ಏನಿದೆ? ಎರಡು ಕೈ ಮಾಡುವ ಕೆಲಸಕ್ಕೆ ನಾಲ್ಕು ಕೈ ಕೊಟ್ಟರು. ಕೆಲಸ ಹಂಚಿದರು. ನಮ್ಮ ಹೊಲದಲ್ಲಿ ನಾಟಿ ದಿನ ಒಬ್ಬರನ್ನೇ ಇಳಿಸಿ, ಅವರಿಗೆ ನಾಟಿ ಬಗ್ಗೆ ಮೂರು ದಿನ ತರಬೇತಿ ಕೊಟ್ಟರೆ ಗದ್ದೆ ತುಂಬುತ್ತದೆಯೇ?

ಪರೀಕ್ಷೆ ಮಾಡುವವರು ಇದ್ದಾರೆ, ಹೇಳಿಕೊಡುವವರು ಇಲ್ಲ

ಇಲಾಖೆಯ ಮೆಟ್ಟಿಲುಗಳನ್ನು ನೋಡಿ. ಟೀಚರಮ್ಮನ ಮೇಲೆ ಮೇಲ್ವಿಚಾರಕಿ. ಒಬ್ಬ ಮೇಲ್ವಿಚಾರಕಿಗೆ ಸುಮಾರು 25 ಅಂಗನವಾಡಿ. ಅವರ ಮೇಲೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ನಾವು ಸಿಡಿಪಿಒ ಅನ್ನುವವರು. ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರು. ಕೆಳಗಿನ ಮೆಟ್ಟಿಲಿಗೆ ಮಾತ್ರ ಪದೇಪದೇ ತರಬೇತಿ. ಮೇಲಿನ ಮೆಟ್ಟಿಲುಗಳು ಕೆಲಸ ಮಾಡುವ ರೀತಿ ಬದಲಾಗಬೇಕು ಅಂತ ಯಾರಿಗೂ ಅನ್ನಿಸಿದ ಹಾಗಿಲ್ಲ.

ಮೇಲ್ವಿಚಾರಕಿ ಕೇಂದ್ರಕ್ಕೆ ಬಂದಾಗ ಏನು ನೋಡುತ್ತಾರೆ? ದಾಸ್ತಾನು, ಮೊಟ್ಟೆಯ ಲೆಕ್ಕ, ರಿಜಿಸ್ಟರ್, ಆ್ಯಪಿನಲ್ಲಿ ಎಷ್ಟು ಶೇಕಡಾ ತುಂಬಿದೆ ಅಂತ. ಅದನ್ನೂ ನೋಡಬೇಕು. ಆದರೆ ನೆಲದ ಮೇಲೆ ಕೂತು, "ಬನ್ನಿ ಟೀಚರ್, ಈ ಮಗೂನ ಇಬ್ಬರೂ ಸೇರಿ ಅಳೆಯೋಣ, ಈ ಕಥೆ ಹೀಗೆ ಹೇಳಿ ನೋಡೋಣ" ಅನ್ನುವುದು ಅವರ ಕೆಲಸದ ಪಟ್ಟಿಯಲ್ಲಿ ಎಷ್ಟನೆಯದು? ತರಬೇತಿಯಲ್ಲಿ ಕೇಳಿದ್ದು ಕೈಗೆ ಬರುವುದು ಹೀಗೆ ಜೊತೆಗೆ ಕೂತು ಮಾಡಿದಾಗ. ಸೈಕಲ್ ಕಲಿಯುವಾಗ ಹಿಂದೆ ಹಿಡಿದುಕೊಂಡು ಓಡಿದವರನ್ನು ನೆನೆಸಿಕೊಳ್ಳಿ. ಅವರು ಭಾಷಣ ಮಾಡಿರಲಿಲ್ಲ.

ಮೇಲ್ವಿಚಾರಕಿಯರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರಲ್ಲಿ ಅನೇಕರು ಹಿಂದೆ ಅಂಗನವಾಡಿ ಕಾರ್ಯಕರ್ತೆಯರಾಗಿದ್ದವರೇ. ಅವರಿಗೂ ಮೇಲಿನಿಂದ ಒತ್ತಡ. ಸಂಜೆಯೊಳಗೆ ಶೇಕಡಾ ನೂರು ಆಗಬೇಕು ಅಂತ ವಾಟ್ಸಾಪಿನಲ್ಲಿ ಸಂದೇಶ ಬರುತ್ತದೆ. ಅವರು ಅದನ್ನೇ ಕೆಳಗೆ ತಳ್ಳುತ್ತಾರೆ. ಮೇಲಿನಿಂದ ಕೆಳಗೆ ಆದೇಶ ಇಳಿಯುವ ದಾರಿ ಇದೆ, ಕೆಳಗಿನಿಂದ ಮೇಲೆ 'ಹಲಗೆ ಮುರಿದಿದೆ' ಅನ್ನುವ ಒಂದು ಮಾತು ಹತ್ತುವ ದಾರಿ ಇಲ್ಲ. ಇಲಾಖೆ ಬದಲಾಗಬೇಕು ಅಂದರೆ ಮೊದಲು ಆ ದಾರಿ ಆಗಬೇಕು.

ನಮಗೆ ಕೇಳಿಸಿರುವ ಎದುರು ಮಾತುಗಳು

'ನಮ್ಮೂರ ಅಂಗನವಾಡಿ ಬಾಗಿಲೇ ತೆಗೆಯಲ್ಲ, ನೀವು ಟೀಚರ್ ಪರ ಬರೀತೀರಿ' ಅಂತ ಕೆಲವು ಓದುಗರು ಹೇಳಬಹುದು. ಅಂಥ ಕೇಂದ್ರಗಳೂ ಇವೆ, ನಾವು ಮುಚ್ಚಿಡುವುದಿಲ್ಲ. ಮೊಟ್ಟೆ ಮಾಯವಾಗುವುದೂ ಉಂಟು, ಪುಷ್ಟಿ ಪೊಟ್ಟಣ ದನದ ಬಾನಿಗೆ ಹೋಗುವುದೂ ಉಂಟು. ತಪ್ಪು ಮಾಡಿದವರ ಮೇಲೆ ಕ್ರಮ ಆಗಲಿ. ಆದರೆ ಬಾಗಿಲು ತೆಗೆಯದವರಿಗೂ, ಇಪ್ಪತ್ತು ವರ್ಷ ತಪ್ಪದೆ ತೆಗೆದವರಿಗೂ ಇಲಾಖೆ ಕೊಡುವ ಔಷಧಿ ಒಂದೇ. ಅದು ಇನ್ನೊಂದು ತರಬೇತಿ. ಇದರಿಂದ ಕಳ್ಳರಿಗೆ ನಷ್ಟವಿಲ್ಲ, ಕೆಲಸ ಮಾಡುವವರಿಗೆ ಲಾಭವಿಲ್ಲ.

'ಮೊಬೈಲ್ ಬಂದದ್ದರಿಂದ ಕಳ್ಳಲೆಕ್ಕ ನಿಂತಿತು' ಅನ್ನುವವರೂ ಇದ್ದಾರೆ. ಲೆಕ್ಕ ಬೇಕು. ಗುಳೆ ಹೋಗುವ ಕುಟುಂಬದ ಮಗುವಿನ ವಿವರ ಇನ್ನೊಂದು ಊರಿನಲ್ಲಿ ಸಿಕ್ಕರೆ ಒಳ್ಳೆಯದೇ. ಆದರೆ ಮೊಬೈಲ್ ಮುಖ ಗುರುತಿಸಲಿಲ್ಲ ಅಂತ ಬಾಣಂತಿ ಬರಿಗೈಯಲ್ಲಿ ಹೋದರೆ ಅದು ಲೆಕ್ಕವಲ್ಲ, ಅನ್ಯಾಯ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಈ ಆಹಾರ ಆಕೆಯ ಹಕ್ಕು. ಯಾರೂ ದಾನ ಕೊಡುತ್ತಿಲ್ಲ.

'ದುಡ್ಡೆಲ್ಲಿದೆ' ಅನ್ನುವುದು ಕೊನೆಯ ಮಾತು. ಕಾರ್ಯಕರ್ತೆಗೆ ಕೊಡುವುದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಕೇಂದ್ರ ಸರ್ಕಾರ ಅದನ್ನು 2018ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 4,500 ರೂಪಾಯಿ ಮಾಡಿತು, ಸಹಾಯಕಿಗೆ 2,250. ಅದಾದ ಮೇಲೆ ಆ್ಯಪ್ ಬದಲಾಯಿತು, 2025ರವರೆಗೂ ಈ ಮೊತ್ತ ಬದಲಾಗಲಿಲ್ಲ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇವರಿಗೆ ಗ್ರಾಚ್ಯುಟಿ ಕೊಡಬೇಕು ಅಂತ ತೀರ್ಪು ಕೊಟ್ಟಾಗ, ಇದು ಅರೆಕಾಲಿಕ ಕೆಲಸ ಅನ್ನುವ ವಾದವನ್ನು ಒಪ್ಪಲಿಲ್ಲ. ಕೋರ್ಟಿಗೆ ಕಂಡದ್ದು ಇಲಾಖೆಗೆ ಕಾಣುವುದಿಲ್ಲ. ಕೆಲಸ ಪೂರ್ತಿ ದಿನದ್ದು, ಜವಾಬ್ದಾರಿ ನೌಕರರದ್ದು, ಕೊಡುವಾಗ ಮಾತ್ರ ಸ್ವಯಂಸೇವಕಿ.

ಒಂದು ಮಾತು ನೇರವಾಗಿ ಹೇಳುತ್ತೇವೆ. ಕೈಗೆ ಸಮಯ ಕೊಡದೆ, ಸಾಮಾನು ಕೊಡದೆ, ಜೊತೆಗೆ ಕೂರುವವರನ್ನು ಕೊಡದೆ ಮಾಡುವ ತರಬೇತಿ, ತಪ್ಪನ್ನು ಕೆಳಗೆ ದಾಟಿಸುವ ಕಾಗದ. ನಾಳೆ ಒಂದು ಮಗುವಿಗೆ ಏನಾದರೂ ಆದರೆ ಕಡತದಲ್ಲಿ ಒಂದು ಸಾಲು ಸಿದ್ಧವಾಗಿರುತ್ತದೆ. 'ಸದರಿ ಕಾರ್ಯಕರ್ತೆಗೆ ತರಬೇತಿ ನೀಡಲಾಗಿದೆ.'

ನಾವು ಕೇಳುತ್ತಿರುವುದು

ಮುಂದಿನ ತರಬೇತಿಯ ಆದೇಶ ಹೊರಡುವ ಮೊದಲು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಈ ಐದು ಕೆಲಸ ಮಾಡಲಿ.

ಒಂದು, ಆ್ಯಪಿನಲ್ಲಿ ತುಂಬಿದ್ದನ್ನು ಮತ್ತೆ ಪುಸ್ತಕದಲ್ಲಿ ಬರೆಸುವುದು ನಿಲ್ಲಲಿ. ಯಾವ ರಿಜಿಸ್ಟರ್ ಬೇಡ ಅನ್ನುವುದನ್ನು ಲಿಖಿತವಾಗಿ ಹೇಳಲಿ.

ಎರಡು, ಬೆಳಿಗ್ಗೆ ಎರಡು ಗಂಟೆ ಮಕ್ಕಳ ಸಮಯ ಅಂತ ಘೋಷಿಸಲಿ. ಆ ಹೊತ್ತಿನಲ್ಲಿ ಫೋನ್, ಸರ್ವೆ, ಮತಪಟ್ಟಿ, ಮೀಟಿಂಗ್ ಯಾವುದೂ ಬೇಡ.

ಮೂರು, ಮೇಲ್ವಿಚಾರಕಿಯ ಭೇಟಿಯಲ್ಲಿ ಅರ್ಧ ಹೊತ್ತು ಜೊತೆಗೆ ಕೂತು ಹೇಳಿಕೊಡುವುದಕ್ಕೆ ಮೀಸಲಾಗಲಿ. ಅದಕ್ಕೆ ಮೊದಲು ಅವರಿಗೆ ಸರಿಯಾದ ಕಲಿಕೆ ಸಿಗಲಿ.

ನಾಲ್ಕು, ಸಿಡಿಪಿಒ ಮತ್ತು ಉಪನಿರ್ದೇಶಕರು ವರ್ಷಕ್ಕೆ ಒಂದು ವಾರ ಒಂದೇ ಅಂಗನವಾಡಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಇದ್ದು ಕೆಲಸ ಮಾಡಲಿ. ತಪಾಸಣೆಗೆ ಬೇಡ, ಕಲಿಯೋದಕ್ಕೆ ಬರಲಿ. ನೆಟ್‌ವರ್ಕ್ ಹುಡುಕಿಕೊಂಡು ಅವರೂ ರಸ್ತೆಗೆ ಹೋಗಿ ಬರಲಿ.

ಐದು, ತರಬೇತಿಯಲ್ಲಿ ಏನಿರಬೇಕು ಅನ್ನುವುದನ್ನು ಕಾರ್ಯಕರ್ತೆಯರನ್ನು ಕೇಳಿ ತೀರ್ಮಾನಿಸಲಿ. ಅಲ್ಲಿ ಬಂದ ಪ್ರಶ್ನೆಗಳನ್ನು ಬರೆದುಕೊಂಡು, ಮೂವತ್ತು ದಿನದೊಳಗೆ ಉತ್ತರ ಕೊಡಲಿ.

ಮಕ್ಕಳಿಗೇ ಅಂತ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಡಿ ಅನ್ನುವುದು ದೊಡ್ಡ ಬೇಡಿಕೆ, ಅದಕ್ಕೆ ಬಜೆಟ್ ಬೇಕು. ಅದನ್ನೂ ಬಿಡುವುದಿಲ್ಲ. ಆದರೆ ಮೇಲಿನ ಐದಕ್ಕೆ ಬೇಕಾಗಿರುವುದು ಹೆಚ್ಚಾಗಿ ಮನಸ್ಸು.

ನೀವು ಮಾಡಬಹುದಾದದ್ದು

ಪ್ರತಿ ಅಂಗನವಾಡಿಗೂ ಒಂದು ಬಾಲವಿಕಾಸ ಸಮಿತಿ ಇರಬೇಕು. ಅದರಲ್ಲಿ ಊರಿನವರು, ತಾಯಂದಿರು ಇರುತ್ತಾರೆ. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ಗೊತ್ತಿಲ್ಲ ಅಂದರೆ ಅಲ್ಲಿಂದಲೇ ಶುರುಮಾಡಿ.

ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮ ಅಂಗನವಾಡಿಯಲ್ಲಿ ತೂಕದ ಯಂತ್ರ, ಮಲಗಿಸಿ ಅಳೆಯುವ ಹಲಗೆ, ನಿಲ್ಲಿಸಿ ಅಳೆಯುವ ಪಟ್ಟಿ ಸರಿಯಾಗಿವೆಯಾ? ಟೀಚರಮ್ಮ ಕಳೆದ ವರ್ಷ ಎಷ್ಟು ದಿನ ಬೇರೆ ಇಲಾಖೆಯ ಕೆಲಸಕ್ಕೆ ಹೋಗಿದ್ದರು? ಮೇಲ್ವಿಚಾರಕಿ ಬಂದಾಗ ಮಕ್ಕಳ ಜೊತೆ ಎಷ್ಟು ಹೊತ್ತು ಕೂತಿದ್ದರು? ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ನಡಾವಳಿ ಕಚೇರಿಗೆ ಹೋಗುತ್ತದೆ.

ಆ ಮುರಿದ ಹಲಗೆ ಏನಾಯಿತು ಅಂತ ಕೇಳುತ್ತೀರಿ. ಊರಿನ ಬಡಗಿಯೊಬ್ಬರು ಅದಕ್ಕೆ ಹೊಸ ಪಟ್ಟಿ ಹೊಡೆದು ಸರಿಮಾಡಿಕೊಟ್ಟರು, ದುಡ್ಡು ಬೇಡ ಅಂದರು. ಅವರ ಮೊಮ್ಮಗಳು ಅದೇ ಅಂಗನವಾಡಿಗೆ ಬರುತ್ತಾಳೆ. ಅವರ ಮೇಲೆ ನಮಗೆ ಗೌರವ ಇದೆ. ಆದರೆ ಇದನ್ನು 'ಮಾದರಿ ಗ್ರಾಮ' ಅಂತ ಸುದ್ದಿ ಮಾಡಬೇಡಿ ಅಂತ ಟೀಚರಮ್ಮನೇ ನಮಗೆ ಹೇಳಿದರು.

"ಬಡಗಿ ಮಾವ ಸರಿ ಮಾಡಿದ್ರು ಅಂತ ಬರೆದ್ರೆ, ಇಲಾಖೆಯವರು ಎಲ್ಲಾ ಊರಿಗೂ ಬಡಗೀನೇ ಹುಡುಕಿಕೊಳ್ಳಿ ಅಂತಾರೆ. ನಾನು ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಡಲಿ, ಅದನ್ನ ಬರೀರಿ" ಅಂದರು.

ಬರೆದಿದ್ದೇವೆ. ಉತ್ತರ ಬಂದ ದಿನ ಅದನ್ನೂ ಇಲ್ಲೇ ಹಾಕುತ್ತೇವೆ.